ತೀರ್ಪು ಬಂದ ಮೇಲೆ ಅರುವತ್ತು ದಿನ

(ವಿಜಯನಗರದಲ್ಲಿ ನಡೆದ ಕಾನೂನು ಅರಿವು ಸಭೆಯಲ್ಲಿ ಮಾಡಿದ ಭಾಷಣ)



ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು ಪೊಲೀಸರು 1994ರ ಜನವರಿಯಲ್ಲಿ ಬಂಧಿಸಿದರು. ರೈಲು ಸ್ಫೋಟಗಳ ಪ್ರಕರಣದಲ್ಲಿ ಟಾಡಾ ನ್ಯಾಯಾಲಯವು 2004ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪೊಲೀಸ್ ವಶದಲ್ಲಿ ಪಡೆದ ತಪ್ಪೊಪ್ಪಿಗೆಯೇ ಅದಕ್ಕೆ ಆಧಾರ. ಆ ತಪ್ಪೊಪ್ಪಿಗೆ ನಿಲ್ಲದೆಂದು ಸುಪ್ರೀಂ ಕೋರ್ಟು ಅವನನ್ನು ನಿರ್ದೋಷಿಯೆಂದು ಸಾರಿದ್ದು 2016ರ ಮೇ ತಿಂಗಳಲ್ಲಿ. ಒಳಹೋದಾಗ ಇಪ್ಪತ್ತು ತುಂಬದ ಹುಡುಗ, ಹೊರಬಂದಾಗ ನಲ್ವತ್ತು ದಾಟಿದ ಮನುಷ್ಯ.

ಇದು ನಮ್ಮ ಸಮುದಾಯಕ್ಕೆ ಮಾತ್ರ ಬರುವ ಕಷ್ಟವೆಂದು ಭಾವಿಸಬೇಡಿರಿ. ಹೆಂಡತಿಯನ್ನು ಕೊಂದನೆಂದು ಜೈಲು ಕಂಡ ಕೊಡಗಿನ ಆದಿವಾಸಿಯೊಬ್ಬರ ಹೆಂಡತಿ 2025ರ ಏಪ್ರಿಲ್‌ನಲ್ಲಿ ಮಡಿಕೇರಿಯಲ್ಲಿ ಜೀವಂತವಾಗಿ ಪತ್ತೆಯಾದರು! ಶಿಕ್ಷೆಯಾಗುವ ಮುನ್ನ ಸತ್ಯ ಹೊರಬಿದ್ದುದಷ್ಟೇ ಅವರ ಭಾಗ್ಯ.

ಶಿಕ್ಷೆಯಾದ ಮೇಲೆ ಏನು ಮಾಡಬೇಕು? ತೀರ್ಪಿನ ದಿನ ಮನೆಯವರು ಅತ್ತು ಹಿಂದಿರುಗುತ್ತಾರೆ. ಮಾನಕ್ಕೆ ಅಂಜಿ ನೆರೆಯವರಿಗೂ ಹೇಳುವುದಿಲ್ಲ. ವಕೀಲರ ಶುಲ್ಕಕ್ಕೆ ಹಣ ಹೊಂದಿಸುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಸೆಷನ್ಸ್ ನ್ಯಾಯಾಲಯದ ಜೈಲು ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಇರುವುದು 60 ದಿನ. ವಿಳಂಬವನ್ನು ನ್ಯಾಯಾಲಯ ಮನ್ನಿಸಬಹುದು, ಆದರೆ ಕಾರಣ ಕೊಡಬೇಕು. ತೀರ್ಪಿನ ಪ್ರತಿ ಕೈದಿಗೆ ಉಚಿತವಾಗಿ ಸಿಗಬೇಕು. ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳುಹಿಸಬಹುದು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರದ ಕಚೇರಿ ಇದೆ, ದೂರವಾಣಿ 15100. ಇದು ಭಿಕ್ಷೆಯಲ್ಲ, ಹಕ್ಕು.

ನ್ಯೂಯಾರ್ಕಿನ ಕಾನೂನು ಕಾಲೇಜೊಂದರಲ್ಲಿ 1992ರಲ್ಲಿ ಆರಂಭವಾದ ‘ಇನ್ನೋಸೆನ್ಸ್ ಪ್ರಾಜೆಕ್ಟ್’ ಎಂಬ ಕ್ಲಿನಿಕ್, ಹಳೆಯ ಕಡತಗಳನ್ನು ಕೆದಕಿ ಡಿಎನ್‌ಎ ಪರೀಕ್ಷೆಯ ಮೂಲಕ ಅನೇಕ ನಿರಪರಾಧಿಗಳನ್ನು ಬಿಡಿಸಿತು. ಬಾರ್ ಕೌನ್ಸಿಲಿನ 2008ರ ನಿಯಮಗಳಂತೆ ನಮ್ಮ ಕಾನೂನು ಕಾಲೇಜುಗಳಲ್ಲಿಯೂ ಕಾನೂನು ನೆರವು ಕೇಂದ್ರ ಇರಲೇಬೇಕು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಾಗಲಿ ಜ್ಞಾನಭಾರತಿಯ ಕಾನೂನು ಕಾಲೇಜಾಗಲಿ ಇಲ್ಲಿಂದ ದೂರವೇನಲ್ಲ. ಆದರೆ ಫಲಕ ತೂಗುಹಾಕಿದ ಮಾತ್ರಕ್ಕೆ ಯಾವುದೂ ಕ್ಲಿನಿಕ್ ಆಗದು. ಅದು ಪರಪ್ಪನ ಅಗ್ರಹಾರದವರೆಗೆ ನಡೆದುಹೋಗಬೇಕು. ಕಾನೂನು ಓದುತ್ತಿರುವ ನಮ್ಮ ಮಕ್ಕಳೂ ಈ ಕೆಲಸಕ್ಕೆ ಬರಲಿ.

ಕಳೆದ ವರ್ಷಗಳಿಗೆ ಪರಿಹಾರ? ಅದಕ್ಕಾಗಿ ಪ್ರತ್ಯೇಕ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲಿ ಶಿಫಾರಸು ಮಾಡಿತು. ಶಿಫಾರಸು ಕಡತದಲ್ಲೇ ಇದೆ. ಕೊಡಗಿನ ಆ ವ್ಯಕ್ತಿಗೆ ನ್ಯಾಯಾಲಯ ಕೊಡಿಸಿದ್ದು ಒಂದು ಲಕ್ಷ ರೂಪಾಯಿ.

ಮನೆಯವರ ತೀರ್ಪಿನ ಪ್ರತಿಯನ್ನು ತಂದಿರುವವರು ಸಭೆ ಮುಗಿದ ಬಳಿಕ ದಯವಿಟ್ಟು ನಿಲ್ಲಿರಿ. ದಿನಾಂಕ ನೋಡಿ, ಎಷ್ಟು ದಿನ ಉಳಿದಿದೆಯೆಂದು ಮೊದಲು ಲೆಕ್ಕ ಹಾಕೋಣ.