ಹಾಲುಹಲ್ಲೆಂಬ ಉದಾಸೀನ



ಮಗುವಿಗೆ ಜ್ವರ ಬಂದರೆ ನಡುರಾತ್ರಿಯಲ್ಲೇ ಆಸ್ಪತ್ರೆಗೆ ಓಡುವ ನಾವು, ಅದೇ ಮಗು ಹಲ್ಲುನೋವೆಂದು ಅತ್ತರೆ ಲವಂಗವಿಟ್ಟು ಮಲಗಿಸುತ್ತೇವೆ. 'ಹಾಲುಹಲ್ಲು ತಾನೇ, ಹೇಗೂ ಬೀಳುತ್ತದೆ' ಎಂಬುದು ನಮ್ಮ ಸಮಾಧಾನ. ಆದರೆ ಸುಮಾರು ಆರನೆಯ ವರ್ಷದಲ್ಲಿ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆಹಲ್ಲು ಶಾಶ್ವತವಾದುದು. ಯಾವ ಹಲ್ಲೂ ಬೀಳದೆಯೇ ಅದು ಬರುವುದರಿಂದ ಹೆತ್ತವರು ಅದನ್ನೂ ಹಾಲುಹಲ್ಲೆಂದೇ ಭಾವಿಸುತ್ತಾರೆ. ಹುಳುಕು ಹಿಡಿದು ಕಿತ್ತರೆ ಅದು ಮತ್ತೆ ಹುಟ್ಟದು.

ಇದನ್ನು ತಡೆಯಲು ದುಬಾರಿ ಕ್ಲಿನಿಕ್ಕೇ ಬೇಕೆಂದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳಿಗಾಗಿಯೇ ಇದೆ. ಅದು ಗುರುತಿಸಿದ 30 ಆರೋಗ್ಯ ಸಮಸ್ಯೆಗಳಲ್ಲಿ ಹಲ್ಲಿನ ತೊಂದರೆಯೂ ಸೇರಿದೆ. ವೈದ್ಯರ ಸಂಚಾರಿ ತಂಡವು ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಸರಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಬಾರಿ ಬರಬೇಕು. ದೋಷ ಕಂಡರೆ ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಚಿಕಿತ್ಸೆ ಉಚಿತ. ಆದರೆ ಎಷ್ಟೋ ಚೀಟಿಗಳು ಮಗುವಿನ ಪಾಟಿಚೀಲದಲ್ಲೇ ಮುದುಡಿ ಹೋಗುತ್ತವೆ. ಒಂದು ದಿನದ ಕೂಲಿ ಬಿಟ್ಟು ಕುಷ್ಟಗಿಯಿಂದ ಕೊಪ್ಪಳಕ್ಕೆ ಬರುವುದು ತಾಯಿಗೆ ಸುಲಭವಲ್ಲ, ಬಲ್ಲೆವು. ಮೊದಲು ತಾಲೂಕು ಆಸ್ಪತ್ರೆಯಲ್ಲೇ ದಂತವೈದ್ಯರು ಯಾವ ದಿನ ಸಿಗುವರೆಂದು ವಿಚಾರಿಸಿರಿ.

ಇನ್ನೊಂದು ಮಾತು. ನಮ್ಮ ಪಟ್ಟಣದ ಕುಟುಂಬಗಳು ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸುತ್ತಿವೆ. ಕೆಲವರು ವಸತಿ ಮದ್ರಸಾಗಳಿಗೆ ಕಳುಹಿಸುತ್ತಾರೆ. ಆ ತಂಡದ ನಿಗದಿತ ಭೇಟಿಯಲ್ಲಿ ಸಾಮಾನ್ಯವಾಗಿ ಇವು ಬರುವುದಿಲ್ಲ. ಹಾಗೆಂದು ಸರಕಾರಿ ಆಸ್ಪತ್ರೆಯ ಬಾಗಿಲು ಈ ಮಕ್ಕಳಿಗೆ ಮುಚ್ಚಿಲ್ಲ. ಮದ್ರಸಾದಲ್ಲೂ ತಪಾಸಣೆ ನಡೆಸಿರೆಂದು ತಾಲೂಕು ಆರೋಗ್ಯಾಧಿಕಾರಿಗೆ ಜಮಾಅತಿನ ಹೆಸರಿನಲ್ಲಿ ಅರ್ಜಿ ಕೊಡಲು ಖರ್ಚೇನು? ಮಸೀದಿಯ ಬಣ್ಣದ ಬಗ್ಗೆ ಮೂರು ಸಭೆ ನಡೆಸುವ ನಮಗೆ ಇದೊಂದು ಹಾಳೆ ಭಾರವಾಗಬಾರದು.

ಕುಷ್ಟಗಿ, ಯಲಬುರ್ಗಾ ಭಾಗದ ಮಕ್ಕಳ ಹಲ್ಲಿನ ಕಂದು ಕಲೆಯ ಕಥೆಯೇ ಬೇರೆ. ಅದು ಹಲ್ಲುಜ್ಜದ ಕೊಳೆಯಲ್ಲ, ಕೊಳವೆಬಾವಿ ನೀರಿನ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲೇ ಈ ಕಲೆ ಕೂರುತ್ತದೆ; ಆಮೇಲೆ ಎಷ್ಟು ತಿಕ್ಕಿದರೂ ಹೋಗದು. ಹೆಣ್ಣುಮಗಳನ್ನು ನೋಡಲು ಬಂದವರು ಆ ಹಲ್ಲನ್ನು ಕಂಡು ಎದ್ದು ಹೋಗುವಾಗ ದೂಷಣೆ ಬೀಳುವುದು ಆ ಹುಡುಗಿಯ ಮೇಲೆ, ನೀರಿನ ಮೇಲಲ್ಲ. ನೀರು ಕಾಯಿಸಿದರೆ ಸಾಕೆಂದು ಕೆಲವರು ತಿಳಿದಿದ್ದಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನಿಮ್ಮ ಓಣಿಯ ಬೋರಿನ ನೀರನ್ನು ಪರೀಕ್ಷಿಸಿ ವರದಿ ಕೊಡಿರೆಂದು ಪುರಸಭೆಗೋ ಪಂಚಾಯಿತಿಗೋ ಈ ವಾರವೇ ಬರೆದು ಕೊಡಿರಿ. ಸ್ವೀಕೃತಿ ಪಡೆಯಲು ಮರೆಯದಿರಿ.