ಬಂಡೆಯ ಮೇಲಿನ ಗೆರೆ



ಒಂದು ಜೀವಿ ಒಂದೇ ಬಗೆಯ ಜಾಗದಲ್ಲಿ ಕಾಣಿಸಿದರೆ, ಆ ಜಾಗವೇ ಅದಕ್ಕೆ ಹಿತವೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ಎಷ್ಟು ಸರಿ? ಬಾರ್ನಕಲ್ ಎಂಬ ಪುಟ್ಟ ಕಡಲಜೀವಿಯನ್ನು ನೋಡೋಣ.

ಬಾರ್ನಕಲ್ ಚಿಪ್ಪಿನಂತೆ ಕಂಡರೂ ಏಡಿ, ಸಿಗಡಿಗಳ ಬಳಗಕ್ಕೆ ಸೇರಿದ್ದು. ಇದರ ಮರಿ ಮೊದಲು ಸಮುದ್ರದ ನೀರಿನಲ್ಲಿ ತೇಲಾಡುತ್ತದೆ. ಬಳಿಕ ಜಾಗವೊಂದನ್ನು ಹುಡುಕಿ, ತಲೆಯ ಭಾಗವನ್ನು ಬಂಡೆಗೆ ಅಂಟಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಸಾಯುವವರೆಗೂ ಕದಲುವುದಿಲ್ಲ. ಉಬ್ಬರದ ನೀರು ಬಂದಾಗ ಗರಿಯಂಥ ಕಾಲುಗಳನ್ನು ಚಾಚಿ ಆಹಾರ ಹಿಡಿಯುತ್ತದೆ. ನೀರು ಇಳಿದಾಗ ಬಾಗಿಲು ಮುಚ್ಚಿ ಕಾಯುತ್ತದೆ. ಹೀಗಾಗಿ ಎಲ್ಲಿ ಅಂಟಿಕೊಂಡಿತು ಎಂಬುದೇ ಅದರ ಹಣೆಬರಹ.

ಸ್ಕಾಟ್ಲೆಂಡಿನ ಮಿಲ್‌ಪೋರ್ಟ್ ತೀರದ ಬಂಡೆಗಳ ಮೇಲೆ ಎರಡು ಜಾತಿಯ ಬಾರ್ನಕಲ್‌ಗಳಿವೆ. ಮೇಲ್ಭಾಗದಲ್ಲಿ ಚಿಕ್ಕದಾದ ಥಮಾಲಸ್. ಕೆಳಗೆ ಬೇಗ ಬೆಳೆಯುವ ಬಲಾನಸ್. ಬಲಾನಸ್‌ಗೆ ಇಂದಿನ ಹೆಸರು ಸೆಮಿಬಲಾನಸ್. ನಡುವೆ ಯಾರೋ ಗೆರೆ ಎಳೆದಂತಿರುತ್ತದೆ. ಹಾಗಾದರೆ ಥಮಾಲಸ್‌ಗೆ ಕೆಳಗಿನ ಜಾಗ ಒಗ್ಗುವುದಿಲ್ಲವೇ?

1950ರ ದಶಕದಲ್ಲಿ ಅಮೆರಿಕದ ಜೋಸೆಫ್ ಕಾನೆಲ್ ಈ ಪ್ರಶ್ನೆಯನ್ನು ಬಂಡೆಯನ್ನೇ ಕೇಳಿದರು. ಥಮಾಲಸ್ ಅಂಟಿದ ಕಲ್ಲುಗಳನ್ನು ಕೆಳಗಿನ ಮಟ್ಟಕ್ಕೆ ತಂದಿಟ್ಟರು. ಪ್ರತಿ ಕಲ್ಲಿನ ಅರ್ಧಭಾಗದಲ್ಲಿ ಬಲಾನಸ್‌ಗಳನ್ನು ಕಿತ್ತುಹಾಕಿದರು. ಉಳಿದರ್ಧವನ್ನು ಹಾಗೆಯೇ ಬಿಟ್ಟರು. ಬಲಾನಸ್ ಇಲ್ಲದ ಕಡೆ ಥಮಾಲಸ್ ಚೆನ್ನಾಗಿಯೇ ಬದುಕಿತು. ಇದ್ದ ಕಡೆ ಬಲಾನಸ್ ಅದರ ಮೇಲೆ ಬೆಳೆದು, ಬುಡ ಎಬ್ಬಿಸಿ, ಹಿಸುಕಿ ಕೊಂದಿತು. ಅಂದರೆ ಕೆಳಗಿನ ನೀರು ಥಮಾಲಸ್‌ನ ಶತ್ರುವಲ್ಲ, ನೆರೆಯವನೇ ಶತ್ರು.

ಹಾಗಿದ್ದರೆ ಬಲಾನಸ್ ಮೇಲಿನ ಜಾಗವನ್ನೂ ಏಕೆ ಆಕ್ರಮಿಸಲಿಲ್ಲ? ಅಲ್ಲಿ ನೀರು ತಲುಪುವುದು ಕಡಿಮೆ. ಬಿಸಿಲು, ಒಣಗಾಳಿಗೆ ಅದು ಸಾಯುತ್ತದೆ. ಥಮಾಲಸ್ ತಡೆದುಕೊಳ್ಳುತ್ತದೆ. ಇನ್ನೂ ಕೆಳಗೆ ಬಲಾನಸ್‌ಗೂ ನೆಮ್ಮದಿಯಿಲ್ಲ. ಶಂಖದ ಹುಳುವೊಂದು ಚಿಪ್ಪನ್ನು ಭೇದಿಸಿ ತಿನ್ನುತ್ತದೆ. ಕಾನೆಲ್ ತಂತಿಬಲೆಯ ಗೂಡುಗಳನ್ನು ಕಟ್ಟಿ ಇದನ್ನೂ ಪರೀಕ್ಷಿಸಿದರು. ಫಲಿತಾಂಶಗಳು 1961ರಲ್ಲಿ ಪ್ರಕಟವಾದವು.

ಹೀಗೆ ಈ ತೀರದಲ್ಲಿ ಮೇಲಿನ ಎಲ್ಲೆಯನ್ನು ಹವೆ ಹಾಕಿದರೆ, ಕೆಳಗಿನ ಎಲ್ಲೆಯನ್ನು ಇತರ ಜೀವಿಗಳು ಹಾಕುತ್ತವೆ. ಎಲ್ಲ ತೀರಗಳಲ್ಲೂ ಲೆಕ್ಕ ಇಷ್ಟು ಸರಳವಲ್ಲ. ಅಲೆಯ ಹೊಡೆತ, ಬಂಡೆಯ ನೆರಳು, ಬಿರುಕುಗಳು, ಬಂದಿಳಿಯುವ ಮರಿಗಳ ಸಂಖ್ಯೆ, ಇವೆಲ್ಲವೂ ಸೇರುತ್ತವೆ.

ಇದೆಲ್ಲ ನಮಗೇಕೆ ಎನ್ನುವಿರಾ? ಬಲಾನಸ್ ಚಳಿಯನ್ನು ಬಯಸುವ ಜೀವಿ. ಇಂಗ್ಲೆಂಡಿನ ನೈಋತ್ಯ ತೀರದಲ್ಲಿ ಬೆಚ್ಚಗಿನ ವರ್ಷಗಳಲ್ಲಿ ಅದು ಕಡಿಮೆಯಾಗಿ ಥಮಾಲಸ್ ಹೆಚ್ಚಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಭೂಮಿ ಬಿಸಿಯಾಗುತ್ತಿರುವಾಗ ಇಂಥ ಗೆರೆಗಳು ಜರುಗುತ್ತವೆ. ಗೆರೆ ಎಳೆದವರು ಯಾರೆಂದು ತಿಳಿಯದಿದ್ದರೆ, ಅದು ಜರುಗಿದ ಕಾರಣವೂ ತಿಳಿಯದು.

ಕಾರವಾರಕ್ಕೋ ಮಲ್ಪೆಗೋ ಹೋದಾಗ, ಇಳಿತದ ಹೊತ್ತಿನಲ್ಲಿ, ದೊಡ್ಡವರ ಜೊತೆಗೆ ಬಂಡೆಗಳ ಬಳಿ ನಿಂತು ನೋಡಿ. ಅಲ್ಲಿಯೂ ಬಾರ್ನಕಲ್‌ಗಳಿವೆ. ಎಲ್ಲಿ ಇವೆ ಎಂದು ಬರೆದುಕೊಳ್ಳಿ. ಎಲ್ಲಿ ಇಲ್ಲ, ಏಕಿಲ್ಲ ಎಂದೂ ಕೇಳಿಕೊಳ್ಳಿ.