ಟೇಬಲ್ ತಪ್ಪು ಲೆಕ್ಕ ಹೇಳಿದಾಗ: ಆರ್ಗ್ ಮೋಡ್ ಫಾರ್ಮುಲಾ ರಿಪೇರಿ

[ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ. ಫಾರ್ಮುಲಾದೊಳಗಿನ ಇಂಗ್ಲಿಷ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.]

 

ಇವತ್ತಿನ ವಿಷಯ ನೋಡೋಕೆ ಸಣ್ಣದು, ಆದರೆ ದುಡ್ಡಿಗೆ ಸಂಬಂಧಪಟ್ಟದ್ದು. ನಮ್ಮಲ್ಲಿ ಇಮ್ಯಾಕ್ಸ್ ಬಳಸೋರು ಎಷ್ಟೋ ಜನ ಇದ್ದೀವಿ. ಫ್ಲ್ಯಾಟಿನ ಖರ್ಚು ಹಂಚಿಕೊಳ್ಳೋ ಪಟ್ಟಿ, ವಾರದ ಟೈಮ್‌ಶೀಟ್, ಊರಿಗೆ ಕಳಿಸಿದ ಹಣದ ಲೆಕ್ಕ, ಇದನ್ನೆಲ್ಲ ಆರ್ಗ್ ಮೋಡ್‌ನ ಟೇಬಲ್‌ನಲ್ಲೇ ಬರೆದು, ಕೆಳಗೆ ಒಂದು ಫಾರ್ಮುಲಾ ಸಾಲು ಹಾಕಿ ಆರಾಮಾಗಿ ಇರ್ತೀವಿ. ಒಂದು ದಿನ ಆ ಟೇಬಲ್ ತಪ್ಪು ಉತ್ತರ ಕೊಡುತ್ತೆ. ಆಗ ಏನು ಮಾಡಬೇಕು ಅನ್ನೋದೇ ಇವತ್ತಿನ ಮಾತು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಸೆಲ್‌ನಲ್ಲಿ "#ಎರರ್" ಅಂತ ಬಂದರೆ ಗಾಬರಿ ಬೇಡ. ಅದು ನಿಮ್ಮ ಸ್ನೇಹಿತ, "ಇಲ್ಲಿ ಏನೋ ಸರಿ ಇಲ್ಲ" ಅಂತ ನೇರವಾಗಿ ಹೇಳ್ತಾ ಇದೆ. ಭಯಪಡಬೇಕಾದ್ದು ಸರಿ ಇರೋ ಹಾಗೆ ಕಾಣುವ ತಪ್ಪು ಸಂಖ್ಯೆಗೆ. ಅದನ್ನ ಯಾರೂ ಪ್ರಶ್ನೆ ಮಾಡಲ್ಲ. ಮ್ಯಾನೇಜರಿಗೆ ಹೋಗುತ್ತೆ, ರೂಮ್‌ಮೇಟ್‌ಗೆ ಹೋಗುತ್ತೆ, ಯಾರದ್ದೋ ಜೇಬಿನಿಂದ ದುಡ್ಡು ಹೋಗುತ್ತೆ.

ಹೊಸಬರಿಗೆ ಎರಡೇ ಮಾತಲ್ಲಿ ಹಿನ್ನೆಲೆ. ಆರ್ಗ್ ಮೋಡನ್ನ 2003ರಲ್ಲಿ ಶುರು ಮಾಡಿದವರು ಕಾರ್ಸ್ಟೆನ್ ಡೊಮಿನಿಕ್, ವೃತ್ತಿಯಿಂದ ಖಗೋಳ ವಿಜ್ಞಾನಿ. ಟೇಬಲ್ ಅಂದರೆ ಬರೀ ಪಠ್ಯ, ಪೈಪ್ ಗುರುತುಗಳ ನಡುವೆ ಬರೆದ ಅಕ್ಷರಗಳು. ಲೆಕ್ಕ ಮಾಡೋದು ಆರ್ಗ್ ಅಲ್ಲ, ಇಮ್ಯಾಕ್ಸ್‌ನ ಒಳಗೇ ಇರುವ ಕ್ಯಾಲ್ಕ್ ಎಂಬ ಕ್ಯಾಲ್ಕುಲೇಟರ್. ಈ ಕೆಲಸದ ಹಂಚಿಕೆ ಅರ್ಥ ಆದರೆ ಅರ್ಧ ರಿಪೇರಿ ಆದ ಹಾಗೆ. ಆರ್ಗ್ ಸೆಲ್ ಹುಡುಕಿ, ಅದರೊಳಗಿನ ಅಕ್ಷರ ತೆಗೆದು ಕ್ಯಾಲ್ಕ್ ಕೈಗೆ ಕೊಡುತ್ತೆ. ಕ್ಯಾಲ್ಕ್ ತನ್ನ ವ್ಯಾಕರಣದಲ್ಲಿ ಅದನ್ನ ಓದಿ ಉತ್ತರ ಹೇಳುತ್ತೆ. ಆರ್ಗ್ ಆ ಉತ್ತರವನ್ನ ಮತ್ತೆ ಪಠ್ಯವಾಗಿ ಬರೆದಿಡುತ್ತೆ.

ಹಾಗಾಗಿ ತಪ್ಪು ಉತ್ತರ ಬಂದಾಗ ಕೇಳಬೇಕಾದ ಪ್ರಶ್ನೆ ಮೂರೇ. ಒಂದು, ಫಾರ್ಮುಲಾ ಯಾವ ಸೆಲ್ ನೋಡ್ತಾ ಇದೆ? ಎರಡು, ಆ ಸೆಲ್‌ನಲ್ಲಿ ಇರೋದನ್ನ ಅದು ಹೇಗೆ ಓದಿಕೊಂಡಿತು? ಮೂರು, ಲೆಕ್ಕ ಯಾವಾಗ ಮಾಡಿತು? ಇದೇ ಕ್ರಮದಲ್ಲಿ ಹೋಗೋಣ.

ಮೊದಲನೇ ಪ್ರಶ್ನೆ: ಯಾವ ಸೆಲ್?

ಸ್ಕ್ರೀನ್ ಮೇಲೆ ಈ ಟೇಬಲ್ ನೋಡಿ. ನಾಲ್ಕು ಜನ ಇರುವ ಫ್ಲ್ಯಾಟಿನ ಒಂದು ತಿಂಗಳ ಖರ್ಚು.

| ಖರ್ಚು | ದರ | ಎಷ್ಟು | ಮೊತ್ತ |
|---+---+---+---|
| ಹಾಲು | 32 | 30 | 960 |
| ನೀರಿನ ಕ್ಯಾನ್ | 40 | 12 | 480 |
| ಅಡುಗೆಯವರು | 4000 | 1 | 4000 |
|---+---+---+---|
| ಒಟ್ಟು | | | 5440 |
#+ಟಿಬಿಎಲ್‌ಎಫ್‌ಎಂ: $4=$2*$3::@>$4=ವಿಸಮ್(@2..@4)

ಡಾಲರ್ ಅಂದರೆ ಕಾಲಮ್, ಅಟ್ ಗುರುತು ಅಂದರೆ ಸಾಲು. "@>" ಅಂದರೆ ಕೊನೆಯ ಸಾಲು. ಇಲ್ಲಿ ಹಾಲು ಎಷ್ಟನೇ ಸಾಲು? ಎರಡನೇದು. ತಲೆಬರಹದ ಸಾಲು ಲೆಕ್ಕಕ್ಕೆ ಬರುತ್ತೆ, ಅಡ್ಡಗೆರೆ ಬರಲ್ಲ. ಅಡ್ಡಗೆರೆಯನ್ನೂ ಎಣಿಸಿ ಮೂರು ಅಂದುಕೊಂಡರೆ ಹಾಲಿನ ಲೆಕ್ಕ ಕೈಬಿಟ್ಟು ಹೋಗುತ್ತೆ.

ಆ ಮೊದಲ ಅಡ್ಡಗೆರೆಗೆ ಇನ್ನೊಂದು ಕೆಲಸ ಇದೆ. ಅದರ ಮೇಲಿರೋದು ತಲೆಬರಹ ಅಂತ ಆರ್ಗ್ ತಿಳ್ಕೊಂಡು ಕಾಲಮ್ ಫಾರ್ಮುಲಾವನ್ನ ಅಲ್ಲಿಗೆ ಹಚ್ಚಲ್ಲ. ಗೆರೆ ಹಾಕದೇ ಇದ್ದರೆ "ಮೊತ್ತ" ಅನ್ನೋ ಪದದ ಮೇಲೂ ಫಾರ್ಮುಲಾ ಓಡಿ, ತಲೆಬರಹ ಅಳಿಸಿ ಏನೋ ಒಂದು ಬರೆದಿಡುತ್ತೆ.

ಈಗ ಅಡುಗೆಯವರ ಕೆಳಗೆ "ಇಂಟರ್ನೆಟ್, 700, 1" ಅಂತ ಹೊಸ ಸಾಲು ಸೇರಿಸಿ. ಮೊತ್ತದ ಕಾಲಮ್‌ನಲ್ಲಿ 700 ಸರಿಯಾಗಿ ಬರುತ್ತೆ. ಒಟ್ಟು? ಈಗಲೂ 5440. ಬರಬೇಕಾದ್ದು 6140. ಯಾಕೆ ಅಂದರೆ ಫಾರ್ಮುಲಾ "ಎರಡರಿಂದ ನಾಲ್ಕು" ಅಂತ ಹೇಳ್ತಾ ಇದೆ, ಇಂಟರ್ನೆಟ್ ಕೂತಿರೋದು ಐದನೇ ಸಾಲಲ್ಲಿ. ತಲೆಗೆ 1535 ಬರಬೇಕಾದ ಜಾಗದಲ್ಲಿ 1360 ಬಂತು. ಯಾವ ಎರರ್ ಕೂಡ ಇಲ್ಲ. ಇಂಟರ್ನೆಟ್ ಬಿಲ್ ಕಟ್ಟಿದವರ 700 ರೂಪಾಯಿ ಲೆಕ್ಕದಿಂದಲೇ ಮಾಯ.

ಇದು ಸಣ್ಣ ಫ್ಲ್ಯಾಟಿನ ಕಥೆ ಮಾತ್ರ ಅಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ಸರ್ಕಾರಗಳ ಸಾಲ ಮತ್ತು ಬೆಳವಣಿಗೆ ಬಗ್ಗೆ ಒಂದು ಪ್ರಬಂಧ ಬರೆದರು. ಅನೇಕ ದೇಶಗಳ ರಾಜಕಾರಣಿಗಳು ಅದನ್ನ ಹಿಡಿದು ಮಾತಾಡಿದರು. 2013ರಲ್ಲಿ ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಹಾಳೆ ತರಿಸಿಕೊಂಡು ನೋಡಿದರೆ, ಸರಾಸರಿ ತೆಗೆಯುವ ಫಾರ್ಮುಲಾ 30ನೇ ಸಾಲಿಂದ 49ರವರೆಗೆ ಹೋಗುವ ಬದಲು 44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ದೇಶ ಹೊರಗೆ. ಅವರ ಲೆಕ್ಕದಲ್ಲಿ ಬೇರೆ ತಕರಾರುಗಳೂ ಇದ್ದವು, ತಮ್ಮ ತೀರ್ಮಾನವನ್ನ ಆ ಲೇಖಕರು ಸಮರ್ಥಿಸಿಕೊಂಡರು. ಆದರೆ ಈ ಸಾಲುಗಳು ಬಿಟ್ಟುಹೋದದ್ದನ್ನ ಒಪ್ಪಿಕೊಂಡರು. ನಮ್ಮ ಇಂಟರ್ನೆಟ್ ಸಾಲಿಗೆ ಆದದ್ದೂ ಇದೇ.

ಪರಿಹಾರ ಸುಲಭ. ಸಾಲಿನ ನಂಬರ್ ಬರೀಬೇಡಿ, ಗೆರೆಯನ್ನ ಹಿಡೀರಿ. ಅಟ್ ಗುರುತಿನ ಮುಂದೆ ರೋಮನ್ ಅಂಕಿ ಒಂದು ಹಾಕಿದರೆ ಮೊದಲನೇ ಅಡ್ಡಗೆರೆ, ರೋಮನ್ ಎರಡು ಹಾಕಿದರೆ ಎರಡನೇ ಅಡ್ಡಗೆರೆ. "ಮೊದಲ ಗೆರೆಯಿಂದ ಎರಡನೇ ಗೆರೆವರೆಗೆ ಕೂಡು" ಅಂತ ಒಮ್ಮೆ ಬರೆದರೆ, ನಡುವೆ ಹತ್ತು ಸಾಲು ಸೇರಿಸಿದರೂ ಒಟ್ಟು ಸರಿಯಾಗೇ ಬರುತ್ತೆ.

ಯಾವ ಸೆಲ್ ಅನ್ನೋ ಅನುಮಾನಕ್ಕೆ ಆರ್ಗ್‌ನಲ್ಲೇ ಸಾಧನಗಳಿವೆ. ಕಂಟ್ರೋಲ್-ಸಿ ಒತ್ತಿ ಬಲಗಡೆ ಕರ್ಲಿ ಬ್ರ್ಯಾಕೆಟ್ ಒತ್ತಿ, ಟೇಬಲ್ ಮೇಲೆ ಸಾಲು ಮತ್ತು ಕಾಲಮ್ ನಂಬರ್ ಕಾಣುತ್ತೆ. ಎಣಿಸೋ ಕಷ್ಟ ಇಲ್ಲ. ಕಂಟ್ರೋಲ್-ಸಿ ಆದಮೇಲೆ ಸಿಂಗಲ್ ಕೋಟ್ ಒತ್ತಿದರೆ ಫಾರ್ಮುಲಾಗಳೆಲ್ಲ ಸಾಲಿಗೊಂದರಂತೆ ಬೇರೆ ಕಿಟಕಿಯಲ್ಲಿ ತೆರೆಯುತ್ತವೆ. ಅಲ್ಲಿ ಕರ್ಸರ್ ಯಾವ ಉಲ್ಲೇಖದ ಮೇಲಿದೆಯೋ ಆ ಸೆಲ್ ಟೇಬಲ್‌ನಲ್ಲಿ ಬಣ್ಣ ಪಡೆಯುತ್ತೆ. ಬೇರೆ ಏನೂ ನೆನಪಿರದಿದ್ದರೂ ಇದೊಂದು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ ನಮಗೆ ಮಾತ್ರ ಸಂಬಂಧಪಟ್ಟದ್ದು. ಕನ್ನಡದಲ್ಲಿ ಬರೆದರೆ ಒತ್ತಕ್ಷರಗಳ ಅಗಲ ಬೇರೆ ಬೇರೆ ಇರೋದರಿಂದ ಟೇಬಲ್‌ನ ಗೆರೆಗಳು ಸೊಟ್ಟಗೆ ಕಾಣ್ತವೆ. ಅದು ಕಣ್ಣಿಗೆ ತೊಂದರೆ, ಲೆಕ್ಕಕ್ಕಲ್ಲ. ಆರ್ಗ್ ನೋಡೋದು ಪೈಪ್ ಗುರುತನ್ನ, ಗೆರೆ ನೇರ ಇದೆಯೋ ಇಲ್ಲವೋ ಅನ್ನೋದನ್ನಲ್ಲ.

ಎರಡನೇ ಪ್ರಶ್ನೆ: ಹೇಗೆ ಓದಿಕೊಂಡಿತು?

ಸೆಲ್ ಸರಿ ಇದೆ, ಆದರೂ ಉತ್ತರ ತಪ್ಪು. ಹೆಚ್ಚು ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ಕ್ಯಾಲ್ಕ್‌ನ ವ್ಯಾಕರಣ ಎಕ್ಸೆಲ್‌ನ ವ್ಯಾಕರಣ ಅಲ್ಲ.

ಹೋಟೆಲ್ ಬಿಲ್ 1000 ರೂಪಾಯಿ, 5% ಜಿಎಸ್‌ಟಿ. ಫಾರ್ಮುಲಾ $2/100*5. ಉತ್ತರ 50 ಬರಬೇಕು, ಬರೋದು 2! ಕ್ಯಾಲ್ಕ್‌ನಲ್ಲಿ ಗುಣಾಕಾರ ಭಾಗಾಕಾರಕ್ಕಿಂತ ಮೊದಲು ನಡೆಯುತ್ತೆ. ನಾವು ಎಡದಿಂದ ಬಲಕ್ಕೆ ಓದ್ತೀವಿ. ಅದು ಮೊದಲು 100 ಗುಣಿಸು 5, ಅಂದರೆ 500 ಮಾಡಿ, ಆಮೇಲೆ 1000ವನ್ನ 500ರಿಂದ ಭಾಗಿಸುತ್ತೆ. ಇದು ಬಗ್ ಅಲ್ಲ, ಕೈಪಿಡಿಯಲ್ಲಿ ಬರೆದಿಟ್ಟ ನಿಯಮ. $2*5/100 ಅಂತ ಬರೆಯಿರಿ, ಇಲ್ಲವೇ ($2/100)*5 ಅಂತ ಬ್ರ್ಯಾಕೆಟ್ ಹಾಕಿ. ನನ್ನ ಸಲಹೆ: ಭಾಗಾಕಾರ ಇರೋ ಕಡೆಯೆಲ್ಲ ಯೋಚನೆ ಮಾಡದೇ ಬ್ರ್ಯಾಕೆಟ್ ಹಾಕಿಬಿಡಿ.

ಮುಂದಿನದು ಟೈಮ್‌ಶೀಟ್ ತುಂಬೋರಿಗೆ. ಬೆಳಿಗ್ಗೆ ಒಂದೂವರೆ ಗಂಟೆ ಅಂತ 1:30, ಮಧ್ಯಾಹ್ನ ಎರಡೂವರೆ ಅಂತ 2:30. ಕೂಡಿದರೆ ನಾಲ್ಕು ಗಂಟೆ ತಾನೇ? ಟೇಬಲ್ ಹೇಳೋದು 1:10. ಯಾಕೆ ಗೊತ್ತಾ? ಕ್ಯಾಲ್ಕ್‌ಗೆ ಕೋಲನ್ ಅಂದರೆ ಭಿನ್ನರಾಶಿ. 1:30 ಅಂದರೆ ಮೂವತ್ತರಲ್ಲಿ ಒಂದು, 2:30 ಅಂದರೆ ಮೂವತ್ತರಲ್ಲಿ ಎರಡು. ಕೂಡಿದರೆ ಮೂವತ್ತರಲ್ಲಿ ಮೂರು, ಅಂದರೆ ಹತ್ತರಲ್ಲಿ ಒಂದು. ಅದನ್ನ ಅದು 1:10 ಅಂತ ಬರೆಯುತ್ತೆ. ಗಣಿತ ನೂರಕ್ಕೆ ನೂರು ಸರಿ, ಆದರೆ ನೋಡಿದವರಿಗೆ ಒಂದು ಗಂಟೆ ಹತ್ತು ನಿಮಿಷ ಅಂತ ಕಾಣುತ್ತೆ. ಕೆಲಸ ಮಾಡಿದ ಮೂರು ಗಂಟೆಗೆ ಹತ್ತಿರದಷ್ಟು ಹೊತ್ತು ಹೀಗೆ ಸದ್ದಿಲ್ಲದೆ ಹೋಗುತ್ತೆ. ಇದಕ್ಕೆ ಫಾರ್ಮುಲಾದ ಕೊನೆಗೆ ಸೆಮಿಕೋಲನ್ ಹಾಕಿ ದೊಡ್ಡಕ್ಷರದ ಟಿ ಬರೆಯಿರಿ. ಆಗ ಆರ್ಗ್ ಅದನ್ನ ಸಮಯ ಅಂತ ಓದಿ 04:00:00 ಕೊಡುತ್ತೆ. ಸೆಕೆಂಡ್ ಬೇಡ ಅಂದರೆ ದೊಡ್ಡಕ್ಷರದ ಯು, 04:00 ಬರುತ್ತೆ. ಗಂಟೆಯನ್ನ ದಶಮಾಂಶದಲ್ಲಿ ಬೇಕು ಅಂದರೆ ಸಣ್ಣಕ್ಷರದ ಟಿ.

ಮೂರನೇದು ಕಾಮಾ. ನಮಗೆ 1,20,000 ಅಂತ ಬರೆಯೋ ಅಭ್ಯಾಸ. ಕ್ಯಾಲ್ಕ್‌ಗೆ ಕಾಮಾ ಅಂದರೆ ಒಂದು ಸಂಖ್ಯೆ ಮುಗಿದು ಇನ್ನೊಂದು ಶುರುವಾಯಿತು ಅಂತ. ಲಕ್ಷ ಅನ್ನೋ ಅರ್ಥ ಅದಕ್ಕೆ ಬರಲ್ಲ. 120000 ಅಂತಲೇ ಬರೆಯಿರಿ. ಬ್ಯಾಂಕಿನ ಸ್ಟೇಟ್‌ಮೆಂಟಿಂದ ಕಾಪಿ ಮಾಡಿದ್ದರೆ ಮೊದಲು ಕಾಮಾ, ರೂಪಾಯಿ ಚಿಹ್ನೆ ಎರಡನ್ನೂ ತೆಗೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕೆಜಿ ಅಂತ ಸಂಖ್ಯೆ ಪಕ್ಕ ಬರೆದರೂ ತೊಂದರೆ. ಕ್ಯಾಲ್ಕ್ ಬೀಜಗಣಿತ ಬಲ್ಲದ್ದು, ಅದನ್ನ ಚರಾಕ್ಷರ ಅಂತ ತಿಳಿದು ಉತ್ತರದಲ್ಲೂ ಉಳಿಸಿಕೊಳ್ಳುತ್ತೆ.

ನಾಲ್ಕನೇದು ಖಾಲಿ ಸೆಲ್. ಐದು ದಿನದ ಗಂಟೆಗಳು 8, 8, ಖಾಲಿ, 6, 8. ಸರಾಸರಿ ಕೇಳಿದರೆ 7.5 ಬರುತ್ತೆ, ಏಕೆಂದರೆ ಶ್ರೇಣಿಯಲ್ಲಿನ ಖಾಲಿ ಸೆಲ್ ಬಿಟ್ಟು ನಾಲ್ಕರಿಂದ ಭಾಗಿಸಿದೆ. ರಜೆ ದಿನ ಲೆಕ್ಕಕ್ಕೆ ಬೇಡ ಅಂದರೆ ಇದೇ ಸರಿ. ಬೇಕು ಅಂದರೆ ಸೆಮಿಕೋಲನ್ ನಂತರ ದೊಡ್ಡಕ್ಷರದಲ್ಲಿ ಇ, ಎನ್ ಎರಡನ್ನೂ ಬರೆಯಿರಿ. ಆಗ ಖಾಲಿಯನ್ನ ಸೊನ್ನೆ ಅಂತ ಹಿಡಿದು 6 ಹೇಳುತ್ತೆ. ಎರಡರಲ್ಲಿ ಯಾವುದು ಸರಿ ಅಂತ ಟೇಬಲ್‌ಗೆ ಗೊತ್ತಿಲ್ಲ, ಅದು ನಿಮಗೇ ಗೊತ್ತಿರಬೇಕು.

ಈ ನಾಲ್ಕಕ್ಕೂ ಒಂದೇ ಔಷಧಿ, ಡೀಬಗರ್. ಕಂಟ್ರೋಲ್-ಸಿ ಒತ್ತಿ ಎಡಗಡೆ ಕರ್ಲಿ ಬ್ರ್ಯಾಕೆಟ್ ಒತ್ತಿ, ಆಮೇಲೆ ಆ ಸೆಲ್ ಲೆಕ್ಕ ಮಾಡಿಸಿ. ನೀವು ಬರೆದ ಫಾರ್ಮುಲಾ, ಸೆಲ್‌ನ ಬೆಲೆ ಹಾಕಿದ ಮೇಲೆ ಅದು ಹೇಗೆ ಕಾಣುತ್ತೆ, ಉತ್ತರ ಏನು, ಎಲ್ಲ ಹಂತಹಂತವಾಗಿ ತೋರಿಸುತ್ತೆ. ನಮ್ಮ ಜಿಎಸ್‌ಟಿ ಸೆಲ್‌ನಲ್ಲಿ (1000)/100*5, ಉತ್ತರ 2 ಅಂತ ಕಂಡ ಕೂಡಲೇ ಗೊತ್ತಾಗುತ್ತೆ: ಸೆಲ್ ಸರಿಯಾಗೇ ಸಿಕ್ಕಿದೆ, ಎಡವಿದ್ದು ಗಣಿತದ ಹತ್ತಿರ. ಕೆಲಸ ಆದಮೇಲೆ ಅದೇ ಕೀ ಒತ್ತಿ ಡೀಬಗರ್ ನಿಲ್ಲಿಸಿ, ಇಲ್ಲದಿದ್ದರೆ ಪ್ರತಿ ಸೆಲ್‌ಗೂ ನಿಂತು ಕೇಳುತ್ತೆ.

ಮೂರನೇ ಪ್ರಶ್ನೆ: ಯಾವಾಗ?

ಎಕ್ಸೆಲ್‌ನಲ್ಲಿ ಒಂದು ಸಂಖ್ಯೆ ಬದಲಾಯಿಸಿದರೆ ಅದನ್ನ ನಂಬಿಕೊಂಡ ಸೆಲ್‌ಗಳೆಲ್ಲ ತಾವೇ ಬದಲಾಗ್ತವೆ. ಆರ್ಗ್‌ನಲ್ಲಿ ಹಾಗಲ್ಲ. ಹಾಲು 30ರ ಬದಲು 31 ಅಂತ ತಿದ್ದಿದರೆ ಮೊತ್ತ ಹಳೇ 960 ಆಗೇ ಇರುತ್ತೆ, ನೀವು ಹೇಳುವವರೆಗೆ. ಫಾರ್ಮುಲಾ ಸಾಲಿನ ಮೇಲೆ ನಿಂತು ಕಂಟ್ರೋಲ್-ಸಿ ಎರಡು ಸಲ ಒತ್ತಬೇಕು.

ಒಮ್ಮೆ ಒತ್ತಿದರೆ ಸಾಕಾ? ಯಾವಾಗಲೂ ಸಾಕಾಗಲ್ಲ. ಒಟ್ಟು ಖರ್ಚಿನಲ್ಲಿ ಪ್ರತಿಯೊಂದರ ಪಾಲು ಎಷ್ಟು ಶೇಕಡಾ ಅಂತ ಐದನೇ ಕಾಲಮ್ ಇಟ್ಟಿದ್ದೀರಿ ಅಂದುಕೊಳ್ಳಿ. ಆರ್ಗ್ ಮೊದಲು ಕಾಲಮ್ ಫಾರ್ಮುಲಾ ಮುಗಿಸಿ, ಆಮೇಲೆ ಒಂಟಿ ಸೆಲ್‌ನ ಫಾರ್ಮುಲಾಕ್ಕೆ ಬರುತ್ತೆ. ಶೇಕಡಾ ಲೆಕ್ಕ ಆಗೋ ಹೊತ್ತಿಗೆ ಒಟ್ಟು ಇನ್ನೂ ಹಳೇದು. ಹಾಗಾಗಿ ಹೊಸ ಮೊತ್ತವನ್ನ ಹಳೇ ಒಟ್ಟಿನಿಂದ ಭಾಗಿಸಿಬಿಡುತ್ತೆ. ಇಂಥ ಕಡೆ ಕಂಟ್ರೋಲ್-ಯು ಎರಡು ಸಲ, ಆಮೇಲೆ ಕಂಟ್ರೋಲ್-ಸಿ, ನಕ್ಷತ್ರ ಗುರುತು ಒತ್ತಿ. ಸಂಖ್ಯೆಗಳು ಬದಲಾಗೋದು ನಿಲ್ಲುವವರೆಗೆ ಮತ್ತೆ ಮತ್ತೆ ಲೆಕ್ಕ ಮಾಡುತ್ತೆ.

ತಾನಾಗೇ ಆಗಲಿ ಅನ್ನೋರು ಮೊದಲ ಕಾಲಮನ್ನ ಗುರುತಿಗೆ ಬಿಟ್ಟು ಅಲ್ಲಿ ಹ್ಯಾಶ್ ಹಾಕಬಹುದು. ಟ್ಯಾಬ್ ಒತ್ತಿದಾಗಲೆಲ್ಲ ಆ ಸಾಲು ಲೆಕ್ಕ ಆಗುತ್ತೆ. ಒಂದು ಎಚ್ಚರಿಕೆ: ಹೀಗೆ ಗುರುತು ಹಾಕೋಕೆ ಶುರು ಮಾಡಿದರೆ, ಗುರುತಿಲ್ಲದ ಸಾಲನ್ನ ಇಡೀ ಟೇಬಲ್ ಲೆಕ್ಕದಲ್ಲೂ ಆರ್ಗ್ ಮುಟ್ಟಲ್ಲ. ಹೊಸ ಸಾಲು ಸೇರಿಸಿ ಹ್ಯಾಶ್ ಮರೆತರೆ ಅದು ಹಾಗೇ ಉಳಿಯುತ್ತೆ.

ಇಷ್ಟೆಲ್ಲ ತಲೆನೋವು ಯಾಕೆ, ಎಕ್ಸೆಲ್ ಸಾಕಲ್ಲ ಅಂತ ಕೆಲವರಿಗೆ ಅನಿಸಬಹುದು. ಆದರೆ ಇಲ್ಲಿ ಫಾರ್ಮುಲಾ ಸೆಲ್‌ನ ಹಿಂದೆ ಬಚ್ಚಿಟ್ಟುಕೊಂಡಿಲ್ಲ, ಟೇಬಲ್‌ನ ಕೆಳಗೆ ಎಲ್ಲರ ಕಣ್ಣೆದುರು ಇದೆ. ಗಿಟ್‌ನಲ್ಲಿ ಇಟ್ಟರೆ ಯಾವ ದಿನ ಯಾರು "@4" ಅನ್ನು "@5" ಮಾಡಿದರು ಅನ್ನೋದೂ ಸಿಗುತ್ತೆ. ರೂಮ್‌ಮೇಟ್ ಕೇಳಿದರೆ ತೋರಿಸೋಕೆ ಒಂದೇ ಸಾಲು.

ಕೊನೆಗೆ ಒಂದು ಅಭ್ಯಾಸ. ಹೊಸ ಫಾರ್ಮುಲಾ ಬರೆದಾಗ ಉತ್ತರ ಮೊದಲೇ ಗೊತ್ತಿರುವ ಒಂದು ಸಾಲು ಹಾಕಿ ನೋಡಿ. ಸಾವಿರಕ್ಕೆ 5% ಅಂದರೆ ಐವತ್ತು, ಒಂದೂವರೆ ಮತ್ತು ಎರಡೂವರೆ ಸೇರಿದರೆ ನಾಲ್ಕು. ಅದು ಸರಿ ಬಂದ ಮೇಲೆ ನಿಜವಾದ ಅಂಕಿ ತುಂಬಿ, ಪರೀಕ್ಷೆಯ ಸಾಲು ಅಳಿಸಿ. ಈ ತಿಂಗಳ ಬಾಡಿಗೆ ಲೆಕ್ಕ ಗ್ರೂಪಿಗೆ ಕಳಿಸೋ ಮುಂಚೆ ಒಂದು ಸಲ ಮಾಡಿ ನೋಡಿ, ಎರಡು ನಿಮಿಷದ ಕೆಲಸ.